‘ಪ್ರತಿಯೋಗಿ’ ಪದದ ಅರ್ಥ

ಹರಿಹರದಲ್ಲಿ ನಿವೃತ್ತ ಸಂಸ್ಕೃತ ಮೇಷ್ಟ್ರೊಬ್ಬರು ಭಾನುವಾರ ಬೆಳಿಗ್ಗೆ ತಮ್ಮ ಪಡಸಾಲೆಯಲ್ಲಿ ಐದಾರು ಜನರಿಗೆ ಹಳೆಯ ತರ್ಕಗ್ರಂಥವೊಂದನ್ನು ಓದಿಸುತ್ತಾರೆ. ವಾರಕ್ಕೆ ನಾಲ್ಕೈದು ಸಾಲು, ಅಷ್ಟೆ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ದಾವಣಗೆರೆಯ ಕಾಲೇಜಿನಲ್ಲಿ ಪಾಠ ಹೇಳುವ ನನಗೆ ಆ ನಿಧಾನ ಸಹಿಸಲಾಗುತ್ತಿರಲಿಲ್ಲ. ಮನೆಯಲ್ಲೇ ಇಪ್ಪತ್ತು ಪುಟ ಮುಂದೆ ಓದಿಕೊಂಡು ಹೋಗಿ, ಉಳಿದವರು ತಡವರಿಸುವುದನ್ನು ನೋಡುತ್ತಾ ಕೂತಿರುತ್ತಿದ್ದೆ.

ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವಳನ್ನು ಬಸ್ಸಿಗೆ ಜೊತೆಯಾಗಲಿ ಎಂದು ಅಲ್ಲಿಗೆ ಕರೆದೊಯ್ದವಳು ನಾನೇ. ಅಲ್ಲೇ ಊರಂಚಿನ ಕರೂರಿನ ಕಾರ್ಖಾನೆಯೊಂದರಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ. ಓದಿದ್ದು ಪಿಯುಸಿ. ಒಂದು ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ವಾರವಿಡೀ ಅದನ್ನೇ ಓದುವಳು. ತಿಳಿಯದಿದ್ದರೆ ತಿಳಿಯಲಿಲ್ಲ ಎಂದು ನಾಚದೆ ಹೇಳುವಳು. ಬರಬರುತ್ತಾ ಮೇಷ್ಟ್ರು ಅವಳ ಕಡೆಗೇ ತಿರುಗಿ ಪಾಠ ಹೇಳತೊಡಗಿದರು. ನನಗೆ ಹೊಟ್ಟೆ ಉರಿಯಿತು.

ಒಮ್ಮೆ ಮೇಷ್ಟ್ರು ಮಗಳ ಮನೆಗೆ ಹೊರಟರು. ‘ಇಲ್ಲ’ ಎಂಬುದನ್ನು ನಾವು ಹೇಗೆ ತಿಳಿಯುತ್ತೇವೆ ಎಂಬ ಭಾಗವನ್ನು ಓದಿಕೊಂಡಿರಿ, ಮೂರು ವಾರ ಬಿಟ್ಟು ಕೇಳುತ್ತೇನೆ ಎಂದರು. ಆ ವಾರವೇ ಅವಳು ಪುಸ್ತಕ ಹಿಡಿದು ನಮ್ಮ ಅಡುಗೆಮನೆಗೆ ಬಂದಳು.

“ಮೇಡಂ, ಪ್ರತಿಯೋಗಿ ಅಂದ್ರೆ ಏನ್ರಿ? ಡಿಕ್ಷನರಿಯಾಗೆ ಎದುರಾಳಿ ಅಂತ ಐತೆ. ಇಲ್ಲಿ ಹೊಂದ್ತಾ ಇಲ್ಲ.”

ಯಾವುದು ಇಲ್ಲವೋ ಅದನ್ನೇ ಆ ಶಾಸ್ತ್ರದಲ್ಲಿ ಪ್ರತಿಯೋಗಿ ಎನ್ನುತ್ತಾರೆ. ನೆಲದ ಮೇಲೆ ಕೊಡ ಇಲ್ಲವೆಂದರೆ ಕೊಡವೇ ಪ್ರತಿಯೋಗಿ. ಒಂದು ನಿಮಿಷದ ಮಾತು. ನಾನು ರೊಟ್ಟಿ ತಟ್ಟುತ್ತಲೇ, ಎದುರಾಳಿ ಅಂತಲೇ ಇಟ್ಟುಕೋ ಎಂದುಬಿಟ್ಟೆ.

ಮೇಷ್ಟ್ರು ಬಂದ ಮೇಲೆ ಮೊದಲು ನಾನು ಇಡೀ ಭಾಗದ ಸಾರಾಂಶ ಒಪ್ಪಿಸಿದೆ. ಸರಿ ಎಂದರು. ಆಮೇಲೆ ಅವಳತ್ತ ನೋಡಿದರು.

“ಎದುರಾಳಿ ಅಲ್ಲ ಅನ್ಸತೈತ್ರಿ,” ಎಂದಳು ಅವಳು. “ನಮ್ಮ ಪ್ಯಾಕಿಂಗ್ ಬಾಕ್ಸಿನಾಗೆ ಹನ್ನೆರಡು ಬಾಟ್ಲಿ ಇರ್ಬೇಕು. ಒಂದು ಇಲ್ಲ ಅಂದ್ರೆ ನಂಗೆ ತಕ್ಷಣ ಕಾಣ್ತೈತೆ. ಹೊಸಬ್ರಿಗೆ ಬರೀ ಜಾಗ ಕಾಣ್ತೈತೆ. ಅಲ್ಲಿ ಬಾಟ್ಲಿ ಇರ್ಬೇಕು ಅಂತ ಗೊತ್ತಿದ್ದೋರಿಗೇ ಇಲ್ಲ ಅನ್ನೋದು ಕಾಣೋದು. ಆ ಇಲ್ಲದ ಬಾಟ್ಲೀನೇ ಪ್ರತಿಯೋಗಿ ಇರ್ಬೇಕ್ರಿ.”

ಮೇಷ್ಟ್ರು ಇನ್ನೊಮ್ಮೆ ಹೇಳಿಸಿ, ತಮ್ಮ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡರು. ಏಳು ವರ್ಷದಿಂದ ಹೋಗುತ್ತಿದ್ದರೂ ನನ್ನ ಒಂದು ಮಾತೂ ಆ ಅಂಚಿಗೆ ಹೋಗಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದಳು. “ನಿಮಗೆ ಅವತ್ತೇ ಗೊತ್ತಿತ್ತಲ್ರಿ, ಮೇಡಂ?”

ಗೊತ್ತಿತ್ತು ಎಂದೆ.

“ಯಾಕ ಹೇಳ್ಲಿಲ್ಲ?”

“ಹೊಟ್ಟೆಕಿಚ್ಚು,” ಎಂದೆ.

ಮುಂದಿನ ಭಾನುವಾರದಿಂದ ಅವಳು ಒಂದು ಬಸ್ಸು ಮುಂಚೆ ಒಬ್ಬಳೇ ಹೋಗತೊಡಗಿದಳು.

ಈಗ ನಾನೂ ವಾರಕ್ಕೆ ಒಂದೇ ಸಾಲು ಓದುತ್ತೇನೆ. ಎಷ್ಟು ಪುಟಗಳನ್ನು ಅರ್ಥವಾಯಿತೆಂದುಕೊಂಡು ದಾಟಿದ್ದೆ ಎನ್ನುವುದು ಹೀಗೆ ಓದುವಾಗಲೇ ಗೊತ್ತಾಗುತ್ತಿದೆ. ಕಳೆದ ತಿಂಗಳು ಒಂದು ಸಾಲು ಬಗೆಹರಿಯದೆ, ನಾಚಿಕೆ ಬಿಟ್ಟು ಅವಳ ಮನೆ ಬಾಗಿಲಿಗೇ ಹೋಗಿ ಕೇಳಿದೆ. ಬರ್ರಿ, ಕೂಡ್ರಿ ಎಂದವಳು ತನಗೆ ತಿಳಿದದ್ದನ್ನೆಲ್ಲ ಒಂದಿಷ್ಟೂ ಉಳಿಸಿಕೊಳ್ಳದೆ ಹೇಳಿಕೊಟ್ಟಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.