ಒಣಗಿದ ಕುಂಡದ ಗಿರಗಿಟ್ಲೆಗಳು

ನಮ್ಮ ಬೀದಿಯಲ್ಲಿ ನಿಂತ ನೀರು ಹಸಿರಾದರೆ ಎಲ್ಲರೂ ಮೂಗು ಮುಚ್ಚಿಕೊಂಡು ದಾಟುತ್ತಾರೆ. ತೊಟ್ಟಿಯಕ್ಕ ಮಾತ್ರ ಬಗ್ಗಿ ನೋಡುತ್ತಾಳೆ. ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ, ಹಾಗಾಗಿ ಅವರ ಮನೆಯ ಪಿಸುಮಾತೂ ನನಗೆ ಕೇಳುತ್ತದೆ. ಕಿವಿ ಆನಿಸಿ ಕೇಳುವುದಲ್ಲ, ಗೋಡೆಯೇ ತೆಳುವು.

ಗಾಜಿನ ತೊಟ್ಟಿಗಳಲ್ಲಿ ಬಣ್ಣದ ಮೀನುಗಳನ್ನು ಮರಿ ಮಾಡಿಸಿ ಅಂಗಡಿಗಳಿಗೆ ಕೊಡುವುದು ಅವಳ ಕೆಲಸ. ಹೆಸರು ಬಂದದ್ದೂ ಅದರಿಂದಲೇ. ಗಂಡನದು ಕನ್ನಡಕದ ಅಂಗಡಿ. ಗುಜರಿಯಲ್ಲಿ ಸಿಕ್ಕ ಮುರುಕಲು ಸೂಕ್ಷ್ಮದರ್ಶಕಕ್ಕೆ ಮಸೂರ ಕೂರಿಸಿ, ಮದುವೆಯಾದ ಹೊಸತರಲ್ಲಿ ಹೆಂಡತಿಗೆ ಕೊಟ್ಟಿದ್ದ.

"ಬೇರೆಯವರು ಸರ ಮಾಡಿಸಿಕೊಡ್ತಾರೆ, ಇವರು ಕೊಳಚೆ ತೋರಿಸಿದ್ರು" ಎಂದು ಅವಳು ಇವತ್ತಿಗೂ ಆಡಿಕೊಳ್ಳುತ್ತಾಳೆ. ಆದರೆ ಆ ಉಪಕರಣವನ್ನು ಬೇರೆಯವರು ಮುಟ್ಟುವ ಹಾಗಿಲ್ಲ.

ಅದರಲ್ಲಿ ಅವಳು ಕಂಡದ್ದು ರೋಟಿಫರ್ ಎಂಬ ಜೀವಿ. ಬರಿಗಣ್ಣಿಗೆ ಧೂಳಿನ ಕಣ. ಮಸೂರದಡಿ ನೋಡಿದರೆ ತಲೆಯ ಮೇಲೆ ರೋಮಗಳ ಕಿರೀಟ, ಆ ರೋಮಗಳು ಅದುರುವಾಗ ಚಕ್ರವೇ ತಿರುಗಿದ ಹಾಗೆ. ನೀರು ಸುಳಿಯಾಗಿ ಬಾಯಿಗೆ ಬರುತ್ತದೆ, ಊಟವೂ ಜೊತೆಗೇ ಬರುತ್ತದೆ. ಕೂತಲ್ಲಿಗೇ ಊಟ ತರಿಸಿಕೊಳ್ಳುವ ಗತ್ತು! ಅವಳು ಅದಕ್ಕೆ ಗಿರಗಿಟ್ಲೆ ಎಂದು ಹೆಸರಿಟ್ಟಳು.

ಇದು ಬರೀ ಶೋಕಿಯಲ್ಲ. ಅವಳು ಗುರಾಮಿ ಮೀನನ್ನು ಮರಿ ಮಾಡಿಸಲು ಹೊರಟಿದ್ದಳು. ಅದರ ಮರಿಯ ಬಾಯಿ ಎಷ್ಟು ಕಿರಿದೆಂದರೆ ಅಂಗಡಿಯ ಪುಡಿ ಅದಕ್ಕೆ ಬಂಡೆಗಲ್ಲು. ಮೊದಲ ದಿನಗಳಲ್ಲಿ ಗಿರಗಿಟ್ಲೆಯೇ ಅದಕ್ಕೆ ತುತ್ತು. ಹಿಂದಿನ ಎರಡು ಸಂತಾನ ಹಸಿವಿನಿಂದಲೇ ಸತ್ತಿದ್ದವು. ಈ ಸಲವೂ ಹೋದರೆ ತೊಟ್ಟಿಗಳನ್ನೆಲ್ಲ ಮಾರಿಬಿಡುತ್ತೇನೆಂದು ಗಂಡನ ಮುಂದೆ ಮಾತು ಕೊಟ್ಟಿದ್ದಳು. ಮಾತು ಕೊಟ್ಟರೆ ತಪ್ಪುವ ಹೆಣ್ಣಲ್ಲ ಅವಳು.

ಗಿರಗಿಟ್ಲೆಯ ಬೀಜ ಕೊಟ್ಟವನು ಒಬ್ಬ ಅಲೆಮಾರಿ ಮೀನು ವ್ಯಾಪಾರಿ. ಕಾಗದದ ಪೊಟ್ಟಣದಲ್ಲಿ ಒಂದು ಚಿಟಿಕೆ ಒಣಮಣ್ಣು. "ನೀರಿಗೆ ಹಾಕಿ ಬೆಳಕಲ್ಲಿಡಿ ಅಕ್ಕಾ, ಇದರಲ್ಲಿ ಮೊಟ್ಟೆ ಮಲಗಿವೆ" ಎಂದಿದ್ದ. ಟೋಪಿ ಹಾಕಿದನೆಂದೇ ಅವಳು ತಿಳಿದಿದ್ದಳು. ಆದರೆ ಮೊಟ್ಟೆಗಳು ಎದ್ದವು. ಬಚ್ಚಲ ಪಕ್ಕದ ಪ್ಲಾಸ್ಟಿಕ್ ಟಬ್ಬಿನ ಹಸಿರು ನೀರಿನಲ್ಲಿ ತುಂಬಿ ತುಳುಕಿದವು.

ಮನೆಯಲ್ಲಿ ಇನ್ನೊಬ್ಬ ಯಜಮಾನಿ ಇದ್ದರು, ಅತ್ತೆ. ಕಡ್ಡಿಯನ್ನೂ ಎಸೆಯದ ಜಾತಿ. ಸೊಸೆ ಟಬ್ಬಿನ ತಳ ಬಳಿದಾಗಲೆಲ್ಲ ಆ ಗಸಿಯನ್ನು ಚರಂಡಿಗೆ ಬಿಡಗೊಡದೆ ತಮ್ಮ ಹೂವಿನ ಕುಂಡಗಳಿಗೆ ಸುರಿಯುತ್ತಿದ್ದರು. ಹಾಗೆ ಸುರಿದೂ ಸುರಿದೂ ಒಂದು ಗಿಡ ಕೊಳೆತು ಸತ್ತಿತ್ತು. ಆ ಕುಂಡವನ್ನೂ ಎಸೆಯದೆ ಮೆಟ್ಟಿಲ ಕೆಳಗೆ ಇಟ್ಟಿದ್ದರು.

"ಅತ್ತೆ, ಸತ್ತ ಕುಂಡಕ್ಕೆ ಯಾಕೆ ಜಾಗ?"

"ನಿನ್ನ ತೊಟ್ಟಿಗೆ ಹಜಾರಾನೇ ಬಿಟ್ಟುಕೊಟ್ಟಿಲ್ವೇನೆ? ನನ್ನ ಕುಂಡ ಒಂದು ಮೂಲೇಲಿರಲಿ ಬಿಡು."

ಗಂಡು ಗುರಾಮಿ ನೀರ ಮೇಲೆ ನೊರೆಯ ಗೂಡು ಕಟ್ಟಿತು. ಹೆಣ್ಣು ಮೊಟ್ಟೆ ಇಟ್ಟಿತು. ಗೂಡು ಕಾಯುವ ಗಂಡನ್ನು ಕಂಡು ಅತ್ತೆಗೆ ಬೆರಗೋ ಬೆರಗು. "ಗಂಡಸು ಮನೆ ಕಟ್ಟಿ ಮಕ್ಕಳನ್ನೂ ಕಾಯ್ತಾನಾ! ನಮ್ಮ ಮನೇಲಿ ಒಬ್ಬ ಇದಾನೆ, ಟವೆಲ್ ಎಲ್ಲಿದೆ ಅಂತ ಇನ್ನೂ ಗೊತ್ತಿಲ್ಲ." ಮಗ ಪತ್ರಿಕೆಯನ್ನು ಇನ್ನಷ್ಟು ಮೇಲೆತ್ತಿಕೊಂಡ.

ಆ ಖುಷಿಯೇ ಮುಳುವಾಯಿತು. ಮಾರನೆಯ ದಿನ ಸೊಸೆ ಅಂಗಡಿಗಳಿಗೆ ಮೀನು ಕೊಟ್ಟುಬರಲು ಹೋದಾಗ, ಪಾಪ, ಇವಳಿಗೆ ಪುರಸೊತ್ತೆಲ್ಲಿ ಎಂದು ಅತ್ತೆ ಟಬ್ಬಿನ ನೀರಿಗೇ ಸೋಪಿನ ಪುಡಿ ಹಾಕಿ ತಿಕ್ಕಿದರು. ಸೋಪಿನ ನೀರು ಗಿಡಕ್ಕೆ ಆಗದು ಎಂದು ಎಲ್ಲವನ್ನೂ ಚರಂಡಿಗೆ ಬಿಟ್ಟರು. ಸೊಸೆ ಬರುವಷ್ಟರಲ್ಲಿ ಟಬ್ಬು ಬೆಳ್ಳಗೆ ಹಲ್ಲು ಕಿರಿಯುತ್ತಿತ್ತು.

"ನೋಡು, ಹೊಸದರ ಹಾಗಿದೆ!"

ತೊಟ್ಟಿಯಕ್ಕ ಟಬ್ಬಿನ ಅಂಚು ಹಿಡಿದು ಕೂತಳು. ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಎಷ್ಟೋ ಹಗುರವಾಗುತ್ತಿತ್ತು. "ಅದರಲ್ಲೇ ಮರಿಗಳ ಊಟ ಇತ್ತು ಅತ್ತೆ" ಎಂದಳು ಅಷ್ಟೇ. ಎಲ್ಲವನ್ನೂ ಒಂದೇ ಟಬ್ಬಿನಲ್ಲಿ ಇಟ್ಟದ್ದಕ್ಕೆ ತನ್ನ ಹಣೆಯನ್ನೇ ಚಚ್ಚಿಕೊಂಡಳು. ವ್ಯಾಪಾರಿಯನ್ನು ಹುಡುಕೋಣವೆಂದರೆ ಅವನು ಇಂದು ಇಲ್ಲಿ, ನಾಳೆ ಎಲ್ಲೋ.

ಗುರಾಮಿಯ ಮೊಟ್ಟೆ ಒಡೆದಿತ್ತು. ಮರಿಗಳ ಹೊಟ್ಟೆಗಂಟಿದ ಮೊಟ್ಟೆಯ ಹಳದಿಯ ಬುತ್ತಿ ಮುಗಿಯುವುದರೊಳಗೆ ತುತ್ತು ಸಿಗಬೇಕು. ಗಂಡ ಅಂಗಡಿಯ ಬಾಗಿಲೆಳೆದ. ಇಬ್ಬರೂ ಸ್ಕೂಟರಿನಲ್ಲಿ ಬಾಟಲಿಗಳ ಚೀಲವನ್ನೂ ಸೂಕ್ಷ್ಮದರ್ಶಕವನ್ನೂ ಹೊತ್ತು ಹೊರಟರು.

ನೀರಿಗೊಂದು ಬಳಗ ಎಂಬುದು ಅವರಿಗೆ ಆಗ ತಿಳಿಯಿತು. ಕೆರೆಯ ನೀರಿನಲ್ಲಿ ಗಿರಗಿಟ್ಲೆ ಹೇರಳ, ಆದರೆ ಮೈತುಂಬ ಮುಳ್ಳು. ನುಂಗಿದ ಮರಿ ಉಗುಳಬೇಕು. ಜೊಂಡಿನ ಬೇರಿನಲ್ಲಿದ್ದವು ಕೊಳವೆ ಕಟ್ಟಿಕೊಂಡು ಅಂಟಿ ಕೂತ, ಮನೆ ಬಿಟ್ಟು ಕದಲದ ಸೋಮಾರಿಗಳು. ಕಲ್ಲುಗಣಿಯ ಹೊಂಡದಲ್ಲಿ ಗುಂಪಾಗಿ ಕೈಕೈ ಹಿಡಿದು ಉರುಳುವ ಚೆಂಡುಗಳು, ಮರಿಯ ಬಾಯಿಗೆ ಕುಂಬಳಕಾಯಿ. ಮಾಡಿನ ಪಾಚಿಯಲ್ಲಿ ಜಿಗಣೆಯ ಹಾಗೆ ತೆವಳುವವು. ಅವು ತಳ ಬಿಟ್ಟು ಮೇಲೇಳುವುದಿಲ್ಲ, ಮರಿ ತಳಕ್ಕಿಳಿಯುವುದಿಲ್ಲ.

"ಇಷ್ಟೊಂದು ನೆಂಟರು, ಊಟಕ್ಕೆ ಆಗೋರು ಒಬ್ಬರೂ ಇಲ್ಲ" ಎಂದ ಗಂಡ.

"ರೀ, ನಗಿಸಬೇಡಿ, ಅಳು ಬರತ್ತೆ."

ಮನೆಗೆ ಬಂದು ಜಗಲಿಯ ಮೇಲೆ ಕುಸಿದಳು. ಮರಿಗಳು ಆಗಲೇ ಅಡ್ಡಡ್ಡ ಈಜಲು ಶುರು ಮಾಡಿದ್ದವು, ಬುತ್ತಿ ಮುಗಿಯುತ್ತ ಬಂದ ಗುರುತು. "ಆ ವ್ಯಾಪಾರಿ ಕೊಟ್ಟಿದ್ದ ಮಣ್ಣು ಒಂದು ಚಿಟಿಕೆ ಇದ್ದಿದ್ರೆ ಸಾಕಿತ್ತು. ಟಬ್ಬಿನ ತಳದ ಗಸಿ ಒಣಗಿಸಿ ಇಡಿ ಅಂದಿದ್ದ. ನಾನೆಲ್ಲಿ ಇಟ್ಟೆ?"

ಎರಡು ದಿನದಿಂದ ಸೊಸೆಯ ಕಣ್ಣು ತಪ್ಪಿಸಿಕೊಂಡಿದ್ದ ಅತ್ತೆ ಒಳಗಿನಿಂದ ಕೇಳಿದರು. "ಗಸಿ ಅಂದ್ಯಾ?"

ಮೆಟ್ಟಿಲ ಕೆಳಗೆ ಏನೋ ಎಳೆದಾಡಿದ ಸದ್ದು. ಸೊಂಟ ಹಿಡಿದುಕೊಂಡು ಸತ್ತ ಕುಂಡವನ್ನು ತಂದು ಸೊಸೆಯ ಮುಂದಿಟ್ಟರು. ಮೇಲೆ ಗಸಿ ಬಿರುಕು ಬಿಟ್ಟು ಹಪ್ಪಳದ ಹಾಗೆ ಒಣಗಿತ್ತು. "ಚಿಟಿಕೆ ಯಾಕೆ, ತಗೋ, ಕುಂಡ ಪೂರ್ತಿ ನಿಂದೇ."

ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದ ಹಾಗಾಗಿತ್ತು. ಒಣಗಿದ ಹಕ್ಕಳೆಯನ್ನೆಲ್ಲ ಪುಡಿ ಮಾಡಿ, ಅಗಲ ಬೋಗುಣಿಗಳ ನೀರಿಗೆ ಹಾಕಿ ಕಿಟಕಿಯ ಬಿಸಿಲಿಗಿಟ್ಟಳು. ಅಲ್ಲಿಯವರೆಗೆ ಮರಿಗಳಿಗೆ ಕೆರೆಯಿಂದ ತಂದ ಹಸಿರು ನೀರಿನದೇ ಗಂಜಿ. ಮಾರನೆಯ ಸಂಜೆ ಒಂದು ಹನಿಯನ್ನು ಮಸೂರದಡಿ ಇಟ್ಟು ಕಣ್ಣು ಹಚ್ಚಿದಳು. ನುಣ್ಣನೆಯ ಮೈಯ ಹಳೆಯ ಗಿರಗಿಟ್ಲೆಗಳು, ಚಕ್ರ ತಿರುಗಿಸುತ್ತ, ಏನೂ ಆಗಿಲ್ಲವೆಂಬಂತೆ.

ಮರಿಗಳೆಲ್ಲ ಉಳಿಯಲಿಲ್ಲ. ಬುತ್ತಿಯನ್ನು ಬೇಗ ಮುಗಿಸಿದವು ಸತ್ತವು. ಉಳಿದವು ಹೊಟ್ಟೆ ಉಬ್ಬಿಸಿಕೊಂಡು ನೆಟ್ಟಗೆ ಈಜಿದವು. ತೊಟ್ಟಿಗಳು ಹಜಾರದಲ್ಲೇ ಉಳಿದವು.

ಬೇರೆ ಯಾರೂ ಮುಟ್ಟಬಾರದ ಸೂಕ್ಷ್ಮದರ್ಶಕಕ್ಕೆ ಅಂದು ಅತ್ತೆಯ ಕಣ್ಣನ್ನು ಸೊಸೆಯೇ ಹೊಂದಿಸಿದಳು.

"ಅಯ್ಯೋ, ಇದಕ್ಕೂ ನನ್ನ ಹಾಗೇ ಒಂದು ಗಳಿಗೆ ಸುಮ್ನಿರೋಕೆ ಆಗಲ್ಲ!"

ಈಗ ಟಬ್ಬುಗಳು ಎರಡಾಗಿವೆ. ಮೊನ್ನೆ ತಳ ಬಳಿದ ಗಸಿಯನ್ನು ಚೊಂಬಿನಲ್ಲಿ ಹಿಡಿದು ಸೊಸೆ ಕೂಗುವುದು ಗೋಡೆಯಾಚೆಯಿಂದ ಕೇಳಿಸಿತು.

"ಅತ್ತೆ, ಇದನ್ನ ಯಾವ ಕುಂಡಕ್ಕೆ ಹಾಕಲಿ?"

"ಸತ್ತಿದ್ದಕ್ಕೇ ಹಾಕೇ. ಬದುಕಿರೋದನ್ನ ಯಾಕೆ ಸಾಯಿಸ್ತೀಯ?"