ಇಸ್ತ್ರಿ ಮೇಜಿನ ಮೇಲೆ ಇಂಗ್ಲಿಷ್ ಪಾಠ

ಆ ಬೆಳಿಗ್ಗೆ ಐದೂವರೆಗೆ ಆಸ್ಪತ್ರೆಯ ನೆಲಮಾಳಿಗೆಯ ಇಸ್ತ್ರಿ ಕೋಣೆಯಲ್ಲಿ ಒಂಬತ್ತು ಮಂದಿ ಆಯಾಗಳು ಬಂದು ಕೂತಿದ್ದರು. ಟೀಚರಮ್ಮ ಮಾತ್ರ ಬಂದಿರಲಿಲ್ಲ. ನಾಲ್ಕನೇ ಮಹಡಿಯ ರಾತ್ರಿ ಪಾಳಿ ಮುಗಿಸಿ ನೇರ ಪಾಠಕ್ಕೆ ಇಳಿದು ಬರುವ ಆಕೆ ಐದು ನಿಮಿಷವೂ ತಡ ಮಾಡಿದವರಲ್ಲ. ಗಂಟೆ ಆರಾಯಿತು.

“ಬಟ್ಟೆ ಬದಲಾಯಿಸೋ ಕೋಣೇಲಿ ಕುರ್ಚಿ ಮೇಲೆ ಕೂತಿದ್ರು. ನಿದ್ದೆ ಹತ್ತಿದೆ ಪಾಪ ಅಂತ ನಾನು ಎಬ್ಬಿಸ್ಲಿಲ್ಲ” ಎಂದಳು ಅದೇ ಮಹಡಿಯ ಆಯಾ.

“ಹೋಗೇ, ಕರ್ಕೊಂಡು ಬಾ. ಪರೀಕ್ಷೆ ಹತ್ರ ಬಂತು” ಎಂದು ಕಳಿಸಿದವರು ಇಸ್ತ್ರಿ ಅಕ್ಕ.

ಹೋದವಳು ಓಡುತ್ತ ವಾಪಸು ಬಂದಳು. ಬಾಗಿಲಲ್ಲಿ ನಿಂತಳು. ಮೇಲಕ್ಕೆ ಕೈ ತೋರಿಸಿದಳು. ಇಸ್ತ್ರಿ ಅಕ್ಕನಿಗೆ ಅಷ್ಟರಿಂದಲೇ ತಿಳಿಯಿತು. ಹಾಸಿನ ಮೇಲಿಟ್ಟ ಇಸ್ತ್ರಿಪೆಟ್ಟಿಗೆಯನ್ನು ಎತ್ತದೆ ಮೆಟ್ಟಿಲ ಕಡೆಗೆ ಹೋದರು. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಬೇರೆ ಯಾರೋ ಅದನ್ನು ಎತ್ತಿಟ್ಟರು.

ಟೀಚರಮ್ಮ ಎಂದರೆ ಶಾಲೆಯ ಟೀಚರಲ್ಲ. ಆಕೆಯೂ ಆಯಾ, ಇಸ್ತ್ರಿ ಅಕ್ಕನ ಒಡಹುಟ್ಟಿದ ತಂಗಿ. ವಯಸ್ಸು ನಲವತ್ತಾರು. ಹೃದಯ ನಿಂತುಹೋಗಿದೆ ಎಂದರು ವೈದ್ಯರು. ಅಷ್ಟು ಮಂದಿ ವೈದ್ಯರಿರುವ ಕಟ್ಟಡದಲ್ಲಿ ಆ ಜೀವ ಯಾರಿಗೂ ತೊಂದರೆ ಕೊಡದೆ ಹೋಗಿತ್ತು.

ಇಂದಿಗೂ ಅದೇ ಹೊತ್ತಿಗೆ ಆ ಕೋಣೆಯ ದೀಪ ಹೊತ್ತಿಕೊಳ್ಳುತ್ತದೆ. ಐವತ್ತೆಂಟರ ಇಸ್ತ್ರಿ ಅಕ್ಕ ಮೊದಲು ಕಿಟಕಿ ತೆರೆಯುತ್ತಾರೆ, ಆಮೇಲೆ ಬಟ್ಟೆಯ ಗಂಟು ಬಿಚ್ಚುತ್ತಾರೆ. ದಿನಕ್ಕೆ ಮುನ್ನೂರ ನಲವತ್ತು ಹಾಸು, ನೂರಿಪ್ಪತ್ತು ರೋಗಿಗಳ ನಿಲುವಂಗಿ, ಅರವತ್ತು ಕೋಟು. ಒಗೆಯುವ ಯಂತ್ರಕ್ಕೆ ಬಟ್ಟೆ ಹಾಕುವವರೂ ಅವರೇ, ತೆಗೆದು ಇಸ್ತ್ರಿ ಮಾಡುವವರೂ ಅವರೇ. ಹತ್ತೊಂಬತ್ತು ವರ್ಷಗಳಿಂದ ಒಂದು ಪದ್ಧತಿ: ಜೇಬಿಗೆ ಕೈ ಹಾಕಿ ನೋಡದೆ ಯಾವ ಬಟ್ಟೆಯನ್ನೂ ಯಂತ್ರಕ್ಕೆ ಕೊಡುವುದಿಲ್ಲ. ಪೆನ್ನು, ಥರ್ಮಾಮೀಟರು, ಒಮ್ಮೆ ಒಬ್ಬ ಡಾಕ್ಟರ ಮದುವೆಯ ಉಂಗುರ, ಎಲ್ಲವೂ ಯಜಮಾನರಿಗೆ ಮರಳಿ ಸೇರಿವೆ.

ತಂಗಿ ಪಾಠ ಶುರುಮಾಡಿದ್ದಕ್ಕೆ ಕಾರಣವಿತ್ತು. ಹೊಸ ಮೇಲಧಿಕಾರಿಗಳು ಬಂದು, ಪಾಳಿ ಬದಲಾಗುವಾಗ ಆಯಾಗಳೂ ರೋಗಿಯ ಸ್ಥಿತಿಯನ್ನು ಇಂಗ್ಲಿಷಿನಲ್ಲಿ ಒಪ್ಪಿಸಬೇಕೆಂದು ನಿಯಮ ಮಾಡಿದರು. ಅದಕ್ಕೊಂದು ಬಾಯಿಪರೀಕ್ಷೆ. ತಪ್ಪಿದವರು ವಾರ್ಡು ಬಿಟ್ಟು ಹಿಂದಿನ ಶೆಡ್ಡಿನಲ್ಲಿ ಸೂಜಿ, ರಕ್ತದ ಹತ್ತಿ ವಿಂಗಡಿಸುವ ಕೆಲಸಕ್ಕೆ ಹೋಗಬೇಕು. ಆ ಶೆಡ್ಡಿನಿಂದ ವಾರ್ಡಿಗೆ ಮರಳಿದವರಿಲ್ಲ.

ಟೀಚರಮ್ಮನಿಗೆ ವ್ಯಾಕರಣ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಕಿವಿಗೊಟ್ಟು ಕೇಳುವುದು. ಹನ್ನೊಂದು ವರ್ಷ ಡಾಕ್ಟರರ ಹಿಂದೆ ನಿಂತು ಯಾವ ಮಾತಿನ ಜೊತೆ ಯಾವ ಮಾತು ಬರುತ್ತದೆಂದು ಕೇಳಿ, ಖಾಲಿ ಔಷಧದ ಡಬ್ಬಿಗಳ ರಟ್ಟನ್ನು ಕತ್ತರಿಸಿ ಚೀಟಿ ಮಾಡಿ ಬರೆದುಕೊಂಡಿದ್ದರು. ಮೆಡಿಸಿನ್ನಿಗೆ ‘ಟೇಕ್’. ತಲೆಸುತ್ತಿನ ಡಿಜ್ಜಿಗೆ ‘ಫೀಲ್’. ನಿದ್ದೆಯ ಅಸ್ಲೀಪಿಗೆ ‘ಫಾಲ್’. ಮುಖ ಬಿಳಿಚಿಕೊಂಡರೆ ‘ಗೋ ಪೇಲ್’, ತುಟಿ ನೀಲಿಯಾದರೆ ‘ಟರ್ನ್ ಬ್ಲೂ’. ಇಂಥವು ನೂರ ಹನ್ನೆರಡು, ಬ್ಯಾಂಡೇಜ್ ಬಟ್ಟೆಯ ದಾರದಲ್ಲಿ ಕಟ್ಟಿ ಸದಾ ಏಪ್ರನ್ ಜೇಬಿನಲ್ಲಿ.

ಆಕೆಯ ಪಾಠವನ್ನು ಹೆರಿಗೆ ವಾರ್ಡಿನ ಆಯಾ ಇಂದೂ ಹಾವಭಾವ ಸಮೇತ ಮಾಡಿ ತೋರಿಸುತ್ತಾಳೆ: “‘ನಮ್ಗೆ ಮಾಡೋದು ಅಂತ ಒಂದಿದ್ರೆ ಸಾಕು ಕಣ್ರೇ. ಸ್ನಾನ ಮಾಡ್ತೀವಿ, ಊಟ ಮಾಡ್ತೀವಿ, ನಿದ್ದೆ ಮಾಡ್ತೀವಿ, ಜಗಳಾನೂ ಮಾಡ್ತೀವಿ. ಇಂಗ್ಲಿಷಲ್ಲಿ ಹಂಗಲ್ಲ, ಒಬ್ಬೊಬ್ರಿಗೆ ಒಬ್ಬೊಬ್ರು ಜೋಡಿ. ಈ ಗಂಡಂಗೆ ಈ ಹೆಂಡ್ತಿ ಯಾಕೆ ಅಂತ ಕೇಳ್ಬಾರ್ದು, ಜೊತೇಲಿ ನೋಡಿ ನೋಡಿ ಅಭ್ಯಾಸ ಮಾಡ್ಕೋಬೇಕು’ ಅಂತಿದ್ರು. ನಾನಂದೆ, ‘ಟೀಚರಮ್ಮ, ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ನಮ್ಮನೆಯವ್ರು ಇನ್ನೂ ಅಭ್ಯಾಸ ಆಗಿಲ್ಲ.’ ಅವತ್ತು ನಕ್ಕಿದ್ದು ನಕ್ಕಿದ್ದೇ.”

ಎಲ್ಲ ಮುಗಿದ ನಾಲ್ಕನೆಯ ದಿನ ತಂಗಿಯ ಏಪ್ರನ್ನನ್ನು ಒಂದು ಚೀಲದಲ್ಲಿ ಹಾಕಿ ಅಕ್ಕನ ಕೈಗೆ ಕೊಟ್ಟರು. ಅದನ್ನು ಬೇರೆಯವರು ಮುಟ್ಟುವುದು ಬೇಡವೆಂದು ಅಕ್ಕ ತಾವೇ ಯಂತ್ರಕ್ಕೆ ಹಾಕಿದರು. ಕುದಿನೀರಿನಲ್ಲಿ ಅದು ಮುಕ್ಕಾಲು ಗಂಟೆ ತಿರುಗಿತು. ಬಾಗಿಲು ತೆರೆದಾಗ ಬಟ್ಟೆಯ ತುಂಬ ಬೂದು ಬಣ್ಣದ ಮುದ್ದೆ. ಅಕ್ಷರವಿದ್ದ ಒಂದು ಚೂರೂ ಉಳಿದಿರಲಿಲ್ಲ.

“ಹತ್ತೊಂಬತ್ತು ವರ್ಷ ಕಂಡೋರ ಜೇಬೆಲ್ಲ ನೋಡ್ದೆ” ಎನ್ನುತ್ತಾರೆ ಅಕ್ಕ, ಕೆಲಸ ನಿಲ್ಲಿಸದೆ. “ನನ್ ತಂಗಿ ಜೇಬಿಗೆ ಕೈ ಹಾಕೋಕೆ ಆಗ್ಲಿಲ್ಲ. ಇನ್ನೂ ಬೆಚ್ಚಗಿರುತ್ತೇನೋ ಅನ್ನಿಸ್ತು. ಹುಚ್ಚು ನೋಡಿ, ನಾಲ್ಕು ದಿನ ಆಗಿತ್ತು.”

ಪರೀಕ್ಷೆಗೆ ಹದಿನೇಳು ದಿನವಿತ್ತು. ಮರುದಿನ ಬೆಳಿಗ್ಗೆ ಒಂಬತ್ತು ಮಂದಿಯ ಮುಂದೆ ಅಕ್ಕ ತಪ್ಪೊಪ್ಪಿಕೊಂಡರು. ಕೆಲವರು ಅತ್ತರು. ಕೊನೆಗೆ ಹೆರಿಗೆ ವಾರ್ಡಿನವಳೇ ಸೆರಗಿನಿಂದ ಮೂಗು ಒರೆಸಿಕೊಂಡು ಎದ್ದಳು. “ಅಳ್ತಾ ಕೂತ್ರೆ ಚೀಟಿ ವಾಪಸ್ ಬರುತ್ತಾ? ನಂಗೆ ಹನ್ನೊಂದು ನೆನಪಿದೆ. ರಟ್ಟು ತಗೊಂಡು ಬಾ ಅಕ್ಕ, ಬರ್ಕೋ.”

ಹಾಗೆ ಒಬ್ಬೊಬ್ಬರ ನೆನಪಿನಿಂದ ಕೆದಕಿ ತೆಗೆದು ಎಂಟು ದಿನದಲ್ಲಿ ತೊಂಬತ್ತನಾಲ್ಕು ಚೀಟಿ ಮತ್ತೆ ಬರೆದರು. ಬಿಡುವಿದ್ದಾಗ ಒಬ್ಬರು ನರ್ಸಮ್ಮ ಬಂದು ತಪ್ಪು ತಿದ್ದಿದರು. “ಮಿಕ್ಕ ಹದಿನೆಂಟು ಯಾವ್ವು ಅಂತ ದೇವರಿಗೇ ಗೊತ್ತು” ಎನ್ನುತ್ತಾರೆ ಅಕ್ಕ. “ಅವಳ ಜೊತೇಲೇ ಹೋದ್ವು.”

ಏಳನೇ ಕ್ಲಾಸಿಗೆ ಓದು ಬಿಟ್ಟ ಅಕ್ಕನಿಗೆ ಇಂಗ್ಲಿಷ್ ಕಲಿಸಲು ಬಾರದು. ಅವರು ಬೇರೆ ದಾರಿ ಹಿಡಿದರು. ಇಸ್ತ್ರಿ ಮೇಜಿನ ಮೇಲೆ ಹಾಸು ಹೊದ್ದು ತಾವೇ ರೋಗಿಯಾಗಿ ಮಲಗಿದರು. ನಡುಗಿದರು, ಕೆಮ್ಮಿದರು, ಅನ್ನ ಬೇಡವೆಂದು ಮುಖ ತಿರುಗಿಸಿದರು. ಸುತ್ತ ನಿಂತವರು ಒಬ್ಬೊಬ್ಬರಾಗಿ ಇಂಗ್ಲಿಷಿನಲ್ಲಿ ವರದಿ ಒಪ್ಪಿಸಬೇಕು. “ಅಕ್ಕ, ಇಷ್ಟು ಚೆನ್ನಾಗಿ ನರಳ್ತೀಯ, ನಿನ್ನನ್ನ ಅಡ್ಮಿಟ್ ಮಾಡ್ಕೊಂಡ್ರೂ ಮಾಡ್ಕೊಂಡಾರು” ಎಂದು ಒಬ್ಬಳು ಚುಡಾಯಿಸಿದಾಗ ಎಷ್ಟೋ ದಿನದ ಮೇಲೆ ಆ ಕೋಣೆಯಲ್ಲಿ ನಗು ಕೇಳಿತು.

ಒಂದು ದಿನ ಅಕ್ಕ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು, ಅಲ್ಲಾಡದೆ ಮಲಗಿದರು. ಸರದಿ ನಾಲ್ಕನೇ ಮಹಡಿಯ ಆಯಾಳದ್ದು, ಕುರ್ಚಿಯಲ್ಲಿ ಕೂತ ಟೀಚರಮ್ಮನನ್ನು ನೋಡಿ, ಮಲಗಲಿ ಎಂದು ಬಿಟ್ಟು ಬಂದಿದ್ದವಳದು. ಅವಳು ಚೀಟಿ ಕೆಳಗಿಟ್ಟು ಗೋಡೆಯ ಕಡೆ ತಿರುಗಿ ನಿಂತುಬಿಟ್ಟಳು. ಅಕ್ಕ ಮೇಜಿನಿಂದಿಳಿದು ಅವಳ ಬೆನ್ನ ಮೇಲೆ ಕೈಯಿಟ್ಟರು. “ನೀನು ಎಬ್ಬಿಸಿದ್ರೂ ಏಳ್ತಿರ್ಲಿಲ್ಲ ಕಣೇ. ಡಾಕ್ಟ್ರೇ ಹೇಳಿದಾರೆ.” ಡಾಕ್ಟರು ಹಾಗೆ ಹೇಳಿರಲಿಲ್ಲ. ಅಕ್ಕ ಅವರನ್ನು ಕೇಳಿಯೇ ಇರಲಿಲ್ಲ.

ಪರೀಕ್ಷೆಯ ದಿನ ನರ್ಸುಗಳ ಮುಖ್ಯಸ್ಥೆ ಮೇಟ್ರನ್ನರ ಕೋಣೆಯ ಹೊರಗೆ ಅಕ್ಕ ಇಸ್ತ್ರಿ ಮಾಡಿದ ಕೋಟುಗಳನ್ನು ತೋಳಿನ ಮೇಲೆ ಹೊತ್ತು, ಕೆಲಸಕ್ಕೆ ಬಂದವರಂತೆ ಎರಡು ತಾಸು ನಿಂತರು. ಒಳಗೆ ಹೋದವರಲ್ಲಿ ಹೆಚ್ಚಿನವರ ಮುಖ ಹೊರಬರುವಾಗ ಅರಳಿರುತ್ತಿತ್ತು. ಕೊನೆಯ ಸರದಿ ನಾಲ್ಕನೇ ಮಹಡಿಯವಳದು. ಬೆಳಿಗ್ಗೆ ಹೋಗಿ ನೋಡಿದಾಗ ಕರೆದರೂ ರೋಗಿ ಓಗೊಡದಿದ್ದರೆ ಏನೆಂದು ಹೇಳುತ್ತೀಯ ಎಂದು ಕೇಳಿದರಂತೆ. ಅವಳಿಗೆ ಅದು ಗೊತ್ತಿತ್ತು, ಆ ಚೀಟಿ ಬರೆಸಿದವಳೇ ಅವಳು. ಆದರೂ ತುಟಿ ಬಿಚ್ಚಲಿಲ್ಲ.

ಫಲಿತಾಂಶವನ್ನು ಬಾಗಿಲಿಗೆ ಅಂಟಿಸಿದರು. ಏಳು ಹೆಸರು ವಾರ್ಡಿನಲ್ಲಿ ಉಳಿದವು. ನಾಲ್ಕನೇ ಮಹಡಿಯವಳೂ, ಕಿವಿ ಮಂದವಾಗಿದ್ದ ಎಲ್ಲರಿಗಿಂತ ಹಿರಿಯಳೂ ಶೆಡ್ಡಿಗೆ ಹೋದರು. ಮರುಪರೀಕ್ಷೆ ಇದೆಯೇ ಎಂದು ಅಕ್ಕ ಮೂರು ಸಲ ಕಚೇರಿಗೆ ಹೋಗಿ ಕೇಳಿದ್ದಾರೆ. ಇಲ್ಲವೆಂದೂ ಹೇಳಿಲ್ಲ, ಉಂಟೆಂದೂ ಹೇಳಿಲ್ಲ.

ಪಾಠ ನಿಂತಿಲ್ಲ. ಮುಂದಿನ ಗುಂಪಿನ ಹದಿಮೂರು ಆಯಾಗಳು ಈಗ ಬರುತ್ತಾರೆ. ಶೆಡ್ಡಿನ ಇಬ್ಬರೂ ದಪ್ಪ ಕೈಗವಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಹಿಂದೆ ಕೂರುತ್ತಾರೆ. ಹಿರಿಯಳಿಗೆ ಕೇಳಿಸದ್ದನ್ನು ಕಿರಿಯಳು ಅವಳ ಅಂಗೈ ಮೇಲೆ ಬರೆದು ತೋರಿಸುತ್ತಾಳೆ. ಅಕ್ಕನನ್ನು ಯಾರೂ ಟೀಚರಮ್ಮ ಎನ್ನುವುದಿಲ್ಲ, ಅನ್ನಲು ಅವರು ಬಿಡುವುದೂ ಇಲ್ಲ. “ನಾನು ಮಲಗೋಳು ಅಷ್ಟೆ. ಕಲ್ಸಿದ್ದು ಅವಳು.”

ತಮಗೇನು ಬೇಕೆಂದು ಕೇಳಿದರೆ ಅಕ್ಕ ಹಾಸಿನ ಅಂಚು ಸರಿಮಾಡಿ ಇನ್ನೊಂದು ಹಾಸು ಎತ್ತಿಕೊಳ್ಳುತ್ತಾರೆ. ಬೇಡಿಕೆ ಮನುಷ್ಯರಲ್ಲಿ ಅಲ್ಲ. ದಿನವೂ ಕೆಲಸಕ್ಕೆ ಮುನ್ನ ಕಿಟಕಿಯ ಬಳಿ ನಿಂತು, ಕೈಮುಗಿದು, ಅವರು ಕೇಳಿಕೊಳ್ಳುವುದು ಇಷ್ಟೇ:

“ದೇವರೇ, ಪರೀಕ್ಷೆ ಏನಾಯ್ತು ಅಂತ ಅವಳು ಕೇಳ್ತಾಳೆ, ಕೇಳದೆ ಇರೋಳಲ್ಲ. ಏಳು ಜನ ಪಾಸಾದ್ರು ಅಂತ ಹೇಳು. ಆ ಇಬ್ಬರ ಸುದ್ದಿ ಮಾತ್ರ ಈಗ್ಲೇ ಹೇಳ್ಬೇಡ. ನೆಮ್ಮದಿಯಾಗಿರಲಿ ನನ್ ತಂಗಿ.”