ಪಟ್ಟಿಯಲ್ಲಿಲ್ಲದ ಅಧ್ಯಾಯ

"ಹ್ವಾಯ್, ಮಾಷ್ಟ್ರೆ! ಸ್ವಲ್ಪ ಗಟ್ಟಿ ಓದಿ ಕಾಂಬ, ಮಳಿ ಸದ್ದಿಗೆ ಕೇಂತಿಲ್ಲೆ!"

ಬೈಂದೂರಿನಲ್ಲಿ ಅದು ನನ್ನ ಮೊದಲ ಬೆಳಗು. 1998ರ ಜೂನ್ ತಿಂಗಳು. ಗದಗದಿಂದ ಇಲ್ಲಿಯ ಪ್ರೌಢಶಾಲೆಗೆ ಗಣಿತದ ಮೇಷ್ಟ್ರಾಗಿ ಬಂದು, ಹಂಚಿನ ಮನೆಯೊಂದರ ಅರ್ಧ ಭಾಗವನ್ನು ಬಾಡಿಗೆಗೆ ಹಿಡಿದಿದ್ದೆ. ಐದೂವರೆಗೆ ಎದ್ದು ಬೈಬಲಿನ ಆದಿಕಾಂಡದ ಮೊದಲ ಅಧ್ಯಾಯ ತೆರೆದು, ದೇವರು ಇನ್ನೂ ಬೆಳಕನ್ನು ಉಂಟುಮಾಡುವಷ್ಟರಲ್ಲೇ ತಲೆಯ ಮೇಲಿಂದ ಈ ಅಪ್ಪಣೆ ಬಿತ್ತು. ನಡುಗೋಡೆ ಆಳೆತ್ತರಕ್ಕೆ ನಿಂತುಬಿಟ್ಟಿತ್ತು, ಮಾಡಿನವರೆಗೆ ಹೋಗಿರಲೇ ಇಲ್ಲ. ಆಚೆ ಬದಿ ಮನೆಯೊಡತಿ ಗಿರಿಜಕ್ಕ ಮಗಳು ವನಜಳೊಂದಿಗೆ ಕುಳಿತು, ಮೊದಲ ಬಸ್ಸಿಗೆ ಕಳಿಸಬೇಕಾದ ಮಲ್ಲಿಗೆ ಕಟ್ಟುತ್ತಿದ್ದರು. ಇಂಥ ಮನೆಗೆ ಬಾಡಿಗೆ ಕೊಡುವ ನನ್ನ ಬುದ್ಧಿಗೆ ಏನೆನ್ನಬೇಕು?

ಊರೂ ಹಾಗೆಯೇ ಇತ್ತು. ನಮ್ಮಲ್ಲಿ ಮಳೆ ಬಂದರೆ ಹಬ್ಬ, ಇಲ್ಲಿ ಮಳೆ ನಿಂತರೆ ಹಬ್ಬ. ರೊಟ್ಟಿ ಕೇಳಿದರೆ ಅಕ್ಕಿಯದ್ದು ಕೊಡುತ್ತಿದ್ದರು. ಊಟವೆಂದರೆ ಕುಚ್ಚಲಕ್ಕಿ ಗಂಜಿ, ಅಂದರೆ ಅನ್ನವೂ ಅಲ್ಲದ ಅಂಬಲಿಯೂ ಅಲ್ಲದ ಪದಾರ್ಥ. ಮಾತಂತೂ ಕೇಳಬೇಡಿ, ಬರುತ್ತೇನೆ ಎನ್ನುವುದಕ್ಕೂ ಪುರಸೊತ್ತಿಲ್ಲದೆ 'ಬತ್ತೆ' ಎಂದು ಕತ್ತರಿಸಿ ಎಸೆಯುತ್ತಿದ್ದರು. ಭಾನುವಾರ ಪ್ರಾರ್ಥನೆಗೆ ಹೋದರೆ ಕೊಂಕಣಿ. ಒಂದಕ್ಷರ ತಿಳಿಯದೆ ಮೂರು ವಾರ ಮೊಣಕಾಲೂರಿ ಬಂದು, ನಾಲ್ಕನೇ ವಾರ ಮನೆಯಲ್ಲೇ ಉಳಿದೆ.

ಉಳಿದದ್ದು ಓದೊಂದೇ. ಅದರಲ್ಲಿ ನನ್ನ ಜಂಬ ಹೇಳತೀರದು. ಊರು ಬಿಟ್ಟು ಹೋಗುವ ಹನ್ನೆರಡು ಮಂದಿಯಿಂದ ಗದಗದ ನಮ್ಮ ಕ್ರೈಸ್ತ ಸಭೆಯ ಹಿರಿಯರಾದ ಸಮುವೇಲಪ್ಪನವರು ಸಹಿ ಹಾಕಿಸಿಕೊಂಡಿದ್ದರು. ಅಚ್ಚಾದ ಪಟ್ಟಿಯ ಪ್ರಕಾರ ದಿನಕ್ಕೊಂದು ಅಧ್ಯಾಯ ಓದಬೇಕು, ಮನಸ್ಸಿನಲ್ಲಲ್ಲ, ಬಾಯಿಬಿಟ್ಟು ಓದಬೇಕು, ಆಯಾ ದಿನದ ಚೌಕದಲ್ಲಿ ಗುರುತು ಹಾಕಬೇಕು, ತಿಂಗಳಿಗೊಂದು ಕಾರ್ಡು ಬರೆಯಬೇಕು. ಸಭೆಯ ವಾರ್ಷಿಕೋತ್ಸವದಲ್ಲಿ ಒಂದು ದಿನವೂ ತಪ್ಪದವರ ಹೆಸರು ಓದುತ್ತಾರೆ. ಆ ಕಾಗದಕ್ಕೆ ಹಿರಿಯರು ಇಟ್ಟ ಹೆಸರು 'ಒಡಂಬಡಿಕೆ'. ದೇವರು ಅಬ್ರಹಾಮನೊಂದಿಗೆ ಮಾಡಿಕೊಂಡದ್ದಕ್ಕೂ ಅದೇ ಹೆಸರು! ಆಗ ನನಗೆ ಅದು ನಗುವ ಸಂಗತಿ ಅನ್ನಿಸಲಿಲ್ಲ. ತಪ್ಪಿಸಿದವರನ್ನು ಕಂಡರೆ ಮಾತ್ರ ನಗು ಬರುತ್ತಿತ್ತು.

ಗೋಡೆಯಾಚೆಯ ವ್ಯಾಖ್ಯಾನ ನಿಲ್ಲಲಿಲ್ಲ. ಗಿರಿಜಕ್ಕ ಬೈಬಲಿನ ಮೂಲಪುರುಷರನ್ನು ನೆರೆಮನೆಯವರಂತೆ ವಿಚಾರಿಸಿಕೊಳ್ಳುತ್ತಿದ್ದರು. "ಆ ಯಾಕೋಬ ಅಪ್ಪಂಗೂ ಮೋಸ ಮಾಡ್ದ, ಅಣ್ಣಂಗೂ ಮಾಡ್ದ, ಕಡೀಗ್ ಮಾವನ್ ಕೈಯಂಗೆ ಸಿಕ್ಕಿ ಬಿದ್ದ. ಬೇಕಿತ್ತ್ ಅವಂಗೆ!" ಇನ್ನೊಂದು ದಿನ, "ನಿಮ್ಮ ದೇವ್ರ್ ಕೊಟ್ಟ ಮಾತ್ ಉಳ್ಸ್ಕಂತ, ಆದ್ರೆ ಎಷ್ಟ್ ತಡ ಮಾರಾಯ್ರೆ!" ನಾನು ಉತ್ತರಿಸುತ್ತಿರಲಿಲ್ಲ. ಹೂ ಕಟ್ಟುವವರ ಜೊತೆ ದೇವರ ವಿಚಾರ ಮಾತಾಡುವುದೆಂಥದು ಎಂಬ ಬಿಂಕ.

ಯೋಸೇಫನನ್ನು ಅಣ್ಣಂದಿರು ಗುಂಡಿಗೆ ಹಾಕಿದ ಅಧ್ಯಾಯ ಓದಿದ ದಿನವೇ ಜ್ವರ ಬಂತು. ಕೆಸರುನೀರಲ್ಲಿ ಬರಿಗಾಲಲ್ಲಿ ಓಡಾಡಿದ್ದಕ್ಕೆ ಇಲಿಜ್ವರ. ಹನ್ನೊಂದು ದಿನ ಕುಂದಾಪುರದ ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದೆ. ಬೈಬಲು ಬಾಡಿಗೆಮನೆಯಲ್ಲಿ, ಬೀಗದ ಕೈ ಗಿರಿಜಕ್ಕನಲ್ಲಿ. ಮರಳಿ ಬಂದವನು ಹನ್ನೊಂದು ಚೌಕಗಳಿಗೂ ಗುರುತು ಹಾಕಿ, ಕಾರ್ಡಿನಲ್ಲಿ 'ಒಂದು ದಿನವೂ ತಪ್ಪಿಲ್ಲ' ಎಂದು ಬರೆದೆ. ಹಿರಿಯರಿಗೆ ಹೆದರಿ ಅಲ್ಲ. ವಾರ್ಷಿಕೋತ್ಸವಕ್ಕೆ ನನ್ನವ್ವ ಮುಂದಿನ ಬೆಂಚಿನಲ್ಲಿ ಕೂತು ಮಗನ ಹೆಸರಿಗಾಗಿ ಕಿವಿ ನಿಮಿರಿಸಿರುತ್ತಾಳೆಂದು ಗೊತ್ತಿತ್ತು.

ಮಳೆ ಬಿಟ್ಟ ಮೇಲೆ ಸಮುವೇಲಪ್ಪನವರು ನನ್ನನ್ನು ನೋಡಲು ಬಂದರು. ಜಗಲಿಯಲ್ಲಿ ಕೂತು, ಎಳನೀರು ತಂದಿಟ್ಟ ಗಿರಿಜಕ್ಕನನ್ನು ಉಪಚಾರಕ್ಕೆಂಬಂತೆ ಕೇಳಿದರು. "ನಮ್ಮ ಜಯಕರ ದಿನಾ ಓದತಾನೇನ್ರೀ ತಾಯೀ?"

"ದಿನಾ ಓದ್ತ್ರ್. ಹನ್ನೊಂದ್ ದಿನ ಆಸ್ಪತ್ರೆಯಂಗೆ ಇದ್ದಿರ್ ಅಲ್ದಾ, ಆಗ ಓದದ್ದ್ ನಮ್ಮ ವನಜ. ಆ ಹುಡ್ಗನ್ನ ಗುಂಡಿಗ್ ಹಾಕಿ ಇವ್ರ್ ಹೋಯಿ ಮಲ್ಕಂಡ್ರೆ, ಮುಂದೆಂತ ಆಯ್ತ್ ಗೊತ್ತಾಗ್ದೆ ನಮ್ಗೆ ಉಂಬುಕೆ ಮನಸ್ ಬಪ್ಪುದಾ? ಪಟ್ಟಿ ಕಂಡೇ ಓದಿದ್ದ್, ಒಂದ್ ದಿನವೂ ಬಿಡ್ಲಿಲ್ಲೆ."

ನನ್ನ ಮುಖ ಎಲ್ಲಿಡಲಿ? ನನಗೂ ಇದು ಆಗಲೇ ತಿಳಿದದ್ದು. ಹಿರಿಯರ ಕಣ್ಣು ನನ್ನ ಮೇಲೆ ನಿಂತಿತ್ತು. ಗಿರಿಜಕ್ಕನ ಮಾತು ಮುಗಿದಿರಲಿಲ್ಲ.

"ಮತ್ತೊಂದ್ ಕಾಣಿ. ನಿಮ್ ಪಟ್ಟಿಯಂಗೆ ಮೂವತ್ತೆಂಟ್ನೇ ಅಧ್ಯಾಯ ಇಲ್ಲೆ. ಪುಸ್ತಕದಂಗೆ ಇತ್ತ್. ಅದ್ನೂ ಓದಿತ್. ಅದೇ ಲಾಯ್ಕ್ ಇತ್ತ್!"

ಊರಲ್ಲೇ ನಾಲ್ಕು ಸಲ ಬೈಬಲು ಮುಗಿಸಿ ಬಂದಿದ್ದ ನನಗೆ ಪಟ್ಟಿ ಮೂವತ್ತೇಳರಿಂದ ಮೂವತ್ತೊಂಬತ್ತಕ್ಕೆ ಜಿಗಿದದ್ದು ಕಂಡಿರಲಿಲ್ಲ. ಹೆಂಗಸರ ಮುಂದೆ ಓದಬಾರದೆಂದು ಹಿರಿಯರು ತೆಗೆದುಹಾಕಿದ್ದರು. ಯೆಹೂದನೆಂಬ ದೊಡ್ಡ ಮನುಷ್ಯ ವಿಧವೆ ಸೊಸೆ ತಾಮಾರಳಿಗೆ ಕಿರಿಯ ಮಗನನ್ನು ಕೊಡುತ್ತೇನೆಂದು ಮಾತು ಕೊಟ್ಟು ತಪ್ಪಿಸುತ್ತಾನೆ. ಅವಳು ಮುಸುಕು ಹಾಕಿ ದಾರಿಯಲ್ಲಿ ಕೂರುತ್ತಾಳೆ. ವೇಶ್ಯೆಯೆಂದುಕೊಂಡು ಬಂದ ಅವನ ಮುದ್ರೆಯನ್ನೂ ಕೋಲನ್ನೂ ಒತ್ತೆ ಇರಿಸಿಕೊಳ್ಳುತ್ತಾಳೆ. ಬಸುರಾದವಳನ್ನು ಸುಡಿರಿ ಎಂದು ಅವನೇ ಅಬ್ಬರಿಸಿದಾಗ ಒತ್ತೆಯನ್ನು ಮುಂದಿಡುತ್ತಾಳೆ.

"ಎಲ್ಲರ್ ಎದ್ರಿಗೆ ಅವ ಒಪ್ಕಂಡ ಕಾಣಿ, ತಪ್ಪ್ ನಂದೇ ಅಂದೇಳಿ," ಎಂದರು ಗಿರಿಜಕ್ಕ. "ಅಷ್ಟ್ ಮಾಡಿದ್ದಕ್ಕೆ ಅವ ಗಂಡ್ಸ್."

ಅವರು ಒಳಗೆ ಹೋದ ಮೇಲೆ ಹಿರಿಯರು ದನಿ ಇಳಿಸಿದರು. "ಜಡ್ಡು ಬಂದದ್ದು ದೇವರಿಗೆ ಗೊತ್ತೈತಿ. ನಿನ್ನ ಹೆಸರು ಇರಲಿ ಬಿಡಪಾ. ಆ ಅಧ್ಯಾಯದ ಮಾತು ಮಾತ್ರ ಸಭಾದಾಗ ತೆಗೀಬ್ಯಾಡ."

"ಇವರು ಓದಿದ್ದು?"

"ಹೊರಗಿನವರು ಓದಿದ್ದು ಲೆಕ್ಕಕ್ಕ ಬರಂಗಿಲ್ಲ."

ಥೂ ಎಂದು ಉಗಿಯಬೇಕಿತ್ತು. ತಲೆಯಾಡಿಸಿದೆ. ಹಿರಿಯರ ಮೇಲೆ ನನಗಿರುವ ಅಸಹ್ಯದ ಎರಡರಷ್ಟು ಹಾಗೆ ಆಡಿದ ನನ್ನ ತಲೆಯ ಮೇಲಿದೆ. ಅಬ್ರಹಾಮನೊಂದಿಗೆ ಒಡಂಬಡಿಕೆ ಆದಾಗ ಅವನು ಗಾಢ ನಿದ್ದೆಯಲ್ಲಿದ್ದ, ಸೀಳಿಟ್ಟ ಬಲಿಪ್ರಾಣಿಗಳ ತುಂಡುಗಳ ನಡುವೆ ಮಾತು ಕೊಟ್ಟವರಿಬ್ಬರೂ ಹಾಯಬೇಕಿತ್ತು, ಹಾದುಹೋದದ್ದು ದೇವರ ಬೆಂಕಿಯೊಂದೇ. ಮಾತು ಉಳಿದದ್ದು ಮಲಗಿದವನ ಶಿಸ್ತಿನಿಂದಲ್ಲ. ಇದನ್ನು ನಾಲ್ಕು ಸಲ ಓದಿಯೂ ನಾನು ಚೌಕಕ್ಕೆ ಗುರುತು ಹಾಕುವುದನ್ನಷ್ಟೇ ಕಲಿತೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಮನೆಯಲ್ಲಿ ವಾಕ್ಯ ನಿಲ್ಲದಂತೆ ನೋಡಿಕೊಂಡವರು ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ.

ಹದಿನೈದು ವರ್ಷವಾಯಿತು. ವರ್ಗವಾಗುವ ಅವಕಾಶ ಎರಡು ಸಲ ಬಂದರೂ ಹೋಗಲಿಲ್ಲ. ಗದಗಕ್ಕೆ ಹೋದಾಗ ಬಾಯಿ ತಪ್ಪಿ 'ಬತ್ತೆ' ಎಂದರೆ ತಮ್ಮನ ಮಕ್ಕಳು ನಗುತ್ತಾರೆ. ಇಲ್ಲಿ ಇವತ್ತಿಗೂ ನಾನು ಗಟ್ಟದ ಮೇಲಿನವ. ಅಲ್ಲಿ ನನ್ನ ಹೆಸರಿದೆ, ನಾನಿಲ್ಲ. ಇಲ್ಲಿ ನಾನಿದ್ದೇನೆ, ಭಾನುವಾರ ಹೋಗಿ ಕೂರಲು ನನ್ನದೆನ್ನುವ ಬೆಂಚಿಲ್ಲ. ಓದಿದವರ ಪಟ್ಟಿಗೆ ನಿಮ್ಮ ಹೆಸರೂ ಬರೆಸಲೇ ಎಂದು ಗಿರಿಜಕ್ಕನನ್ನು ಒಮ್ಮೆ ಕೇಳಿದ್ದೆ. "ನಮ್ಮ ಹೆಸ್ರ್ ಎಂತಕೆ? ನಾಳಿನ ಓದ್ ಎಂತ ಇತ್ತ್, ಅದ್ ಹೇಳಿ," ಎಂದರು.

ಈ ವರ್ಷದ ವಾರ್ಷಿಕೋತ್ಸವದಲ್ಲೂ ನನ್ನ ಹೆಸರು ಓದಿದರಂತೆ, ಅವ್ವ ಕಣ್ಣೊರೆಸಿಕೊಂಡಳಂತೆ. ಇದನ್ನು ಸಭೆಯ ಪತ್ರಿಕೆಗೇ ಕಳಿಸುತ್ತಿದ್ದೇನೆ, ಪತ್ರಿಕೆಯನ್ನು ಅವಳಿಗೆ ಓದಿ ಹೇಳುವವರು ಇದನ್ನು ಬಿಡದೆ ಓದಿ ಹೇಳಿ. ಅವ್ವಾ, ಆ ಹನ್ನೊಂದು ದಿನ ಓದಿದವನು ನಾನಲ್ಲ.